ಹತ್ತು ಗೆಣಸಿನ ತಪ್ಪೊಪ್ಪಿಗೆ

ಮ್ಯೂರಿಯಲ್ ಪ್ಯಾಸ್ಕೋ ಮಾವೋರಿ ಜನರ ಈ ಕಡಲತೀರದ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದಾಗ ಇಪ್ಪತ್ತೆರಡು ವರ್ಷ. ಈಗ ಎಪ್ಪತ್ತೇಳು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಕೆಂಪು ಪೆನ್ನು ಮಾತ್ರ ಅವರಿಗೆ ರಜೆ ಕೊಟ್ಟಿಲ್ಲ. ಅಂಗಡಿಯ ಹಲಗೆ, ಚರ್ಚಿನ ಪ್ರಕಟಣೆ, ಕೊನೆಗೆ ಸಾವಿನ ಸುದ್ದಿಯ ಚೀಟಿಯನ್ನೂ ತಿದ್ದದೆ ಬಿಟ್ಟವರಲ್ಲ. ಹಿಂದೊಮ್ಮೆ ಮೀನುಗಾರನೊಬ್ಬ ತಮಗೇ ಬರೆದ ಪ್ರೇಮಪತ್ರವನ್ನು ಏಳು ತಪ್ಪು ತಿದ್ದಿ ವಾಪಸು ಕಳಿಸಿದ್ದರು. ಪುಣ್ಯಾತ್ಮ ಆ ತಿದ್ದಿದ ಪತ್ರವನ್ನೇ ಬೇರೊಬ್ಬಳಿಗೆ ಕೊಟ್ಟು ಮದುವೆಯಾದ.

ಮಿಸ್‌ನ ಪ್ರಾಣವೆಲ್ಲ ಇದ್ದದ್ದು ಬಹುವಚನದಲ್ಲಿ. ಶೀಪ್ ಎಷ್ಟಾದರೂ ಶೀಪೇ, ಮೌಸ್ ಎರಡಾದರೆ ಮೈಸ್. ಇದು ತಪ್ಪಿದರೆ ಭೂಮಿ ತಿರುಗುವುದು ಹೇಗೆ? ಬೇರೆ ಭಾಷೆಯಿಂದ ಬಂದ ಪದಗಳಿಗೂ ರಿಯಾಯಿತಿಯಿಲ್ಲ, ಹಲವಾದರೆ ಕೊನೆಗೆ ಒಂದು ಎಸ್ ಹಚ್ಚಲೇಬೇಕು. "ನಮ್ಮನೆಗೆ ಬಂದ್ಮೇಲೆ ನಮ್ಮ ರೀತಿ ನಡಕೋಬೇಕು" ಎನ್ನುತ್ತಿದ್ದರು. ಯಾರ ಮನೆಗೆ ಯಾರು ಬಂದದ್ದು ಎಂದು ಆಗ ಯಾರೂ ಕೇಳಲಿಲ್ಲ.

ಐವತ್ತೊಂದು ವರ್ಷದ ಹಿಂದೆ ಎರಾನಾ ಎಂಬ ಹತ್ತು ವರ್ಷದ ಮಾವೋರಿ ಹುಡುಗಿ ಪರೀಕ್ಷೆಯಲ್ಲಿ 'ಬುಟ್ಟಿಯಲ್ಲಿ ಹತ್ತು ಕುಮರ' ಎಂದು ಬರೆದಳು. ಕುಮರ ಎಂದರೆ ಗೆಣಸು. ಅವಳ ಮನೆಮಾತಿನಲ್ಲಿ ಒಂದಾದರೂ ಕುಮರ, ಬಂಡಿ ತುಂಬಿದರೂ ಕುಮರ. ಎಸ್ ಇಲ್ಲವೆಂದು ಮಿಸ್ ಒಂದು ಅಂಕ ಕಿತ್ತರು. ಆ ಒಂದು ಅಂಕಕ್ಕೆ ಹುಡುಗಿಯ ಮೊದಲ ಬಹುಮಾನ ಕೈತಪ್ಪಿತು.

ಈ ವರ್ಷ ಶಾಲೆಗೆ ನೂರು ತುಂಬಿತು. ಸಭಾಂಗಣದ ಗೋಡೆಗೆ ಹಳೆಯ ಉತ್ತರಪತ್ರಿಕೆಗಳನ್ನು ಅಂಟಿಸಿದರು. ಅಲ್ಲಿ ಮಿಸ್ ಕಣ್ಣಿಗೆ ಬಿದ್ದದ್ದು ಎರಾನಾಳ ಹಾಳೆ, ಅದರ ಮೇಲೆ ತಮ್ಮದೇ ಕೆಂಪು ಶಾಯಿ. ಈಗ ಇಂಗ್ಲಿಷ್ ದಿನಪತ್ರಿಕೆಯವರೇ ಕುಮರಕ್ಕೆ ಎಸ್ ಹಚ್ಚದೆ ಬರೆಯುತ್ತಾರೆ. ಮಿಸ್ ಒಂದು ವಾರ ದಿನಾ ಬಂದು ಆ ಹಾಳೆಯ ಮುಂದೆ ನಿಂತರು. ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಲೇಬೇಕೆಂದು ಗಟ್ಟಿಮನಸ್ಸು ಮಾಡಿದರು. ಜನ್ಮದಲ್ಲಿ ಒಬ್ಬ ವಿದ್ಯಾರ್ಥಿಯ ಎದುರೂ ತಪ್ಪು ನನ್ನದು ಎಂದವರಲ್ಲ; ಪಾಪ, ಅಭ್ಯಾಸವಿರಲಿಲ್ಲ.

ನೂರರ ಸಮಾರಂಭದಲ್ಲಿ ಭಾಷಣಕ್ಕೆ ನಿಂತರು; ಅಭ್ಯಾಸವಿಲ್ಲದ್ದಕ್ಕೇ ಮಾತು ಪಾಠದ ಕಡೆ ಜಾರಿತು. ಎತ್ತಿನ ಬಹುವಚನ ಬಂತು, ಲ್ಯಾಟಿನ್ನಿನ ಅಣಬೆಯದು ಬಂತು, ಫ್ರೆಂಚರ ಟೋಪಿಯದು ಬಂತು. ನಲವತ್ತು ನಿಮಿಷವಾದರೂ ಗೆಣಸು ಬರಲಿಲ್ಲ. ಹೊರಗೆ ಮಣ್ಣಿನ ಗುಂಡಿಯಲ್ಲಿ ಬೆಂದ ಹಂದಿಮಾಂಸದ ವಾಸನೆ ಮಾತ್ರ ಒಳಗೆ ಬರುತ್ತಿತ್ತು.

ಪಕ್ಕದಲ್ಲಿದ್ದ ಮುದುಕ ಹೇಮಿ, ಅವರ ಹಳೆಯ ಶಿಷ್ಯ, ಮೆಲ್ಲಗೆ ಅಂದ: "ಮಿಸ್, ಊಟ ಆರೋಗ್ತಾ ಇದೆ."

"ಸುಮ್ನಿರೋ ಹೇಮಿ. ಇನ್ನೂ ಗ್ರೀಕ್ ಬಾಕಿ ಇದೆ."

"ಗ್ರೀಕ್ ಮುಗಿಯೋಷ್ಟ್ರಲ್ಲಿ ನಾವೇ ಮುಗಿದ್ಹೋಗ್ತೀವಿ!"

ಈ ಊರಿನಲ್ಲಿ ಒಬ್ಬರ ಮಾತು ಮುಗಿದರೆ ಅವರ ಕಡೆಯವರು ಎದ್ದು ಜೊತೆ ನಿಂತು ಹಾಡಬೇಕು. ಮುಗಿಯುವ ಮೊದಲೇ ಹೆಂಗಸರು ಹಾಡು ಎತ್ತಿದರೋ, ಸಾಕು ಕೂತ್ಕೋ ಎಂದರ್ಥ. ಎರಾನಾ ಎದ್ದಳು. ಈಗ ಅವಳಿಗೆ ಅರವತ್ತೊಂದು, ಊರಿಗೇ ಹಿರಿಯ ದನಿ. ಹಾಡು ಎತ್ತಿದಳು. ಹಿಂದೆಯೇ ಇಡೀ ಸಭೆ ಎದ್ದು ದನಿಗೂಡಿಸಿತು.

ಮಿಸ್‌ನ ಮುಖ ಬಿಳಿಚಿತು. ಹೇಳಬೇಕಾದ್ದನ್ನು ಇನ್ನೂ ಹೇಳಿಯೇ ಇಲ್ಲ! ಹಾಡನ್ನೂ ಮೀರಿಸಿ ಕಿರುಚಿದರು. ಹಾಡು ಅದೇ ಗಳಿಗೆಗೆ ನಿಂತಿತು.

"ತಪ್ಪು ನಂದು ಎರಾನಾ! ನೀನು ಬರೆದಿದ್ದೇ ಸರಿ!"

ಎರಾನಾ ಮಿಸ್‌ನ ಹತ್ತಿರ ಬಂದು ನಿಂತಳು. "ಅವತ್ತೇ ಹೇಳಕ್ ಬಂದೆ ಮಿಸ್. ಕೈ ಎತ್ತು, ನಾನು ಕೇಳಿದ್ಮೇಲೆ ಮಾತಾಡು ಅಂದ್ರಿ. ಎತ್ಕೊಂಡೇ ಕೂತಿದ್ದೆ. ನೀವು ಕೇಳ್ಲೇ ಇಲ್ಲ."

ಮಿಸ್‌ಗೆ ಕಣ್ಣು ತುಂಬಿ ಬಂತು. "ಈಗ ಕೇಳ್ತೀನಿ. ಏನಮ್ಮ ಎರಾನಾ, ಹೇಳು."

ಎರಾನಾ ಎಲ್ಲರೆದುರು ಬಲಗೈ ನೆಟ್ಟಗೆ ಎತ್ತಿದಳು.

"ಊಟಕ್ಕೆ ಬಿಡ್ತೀರಾ ಮಿಸ್?"