ಎಡಿಲ್ಮಾ ಕೊಟ್ಟ ರಕ್ತ

ಆತ್ರಾತೊ ನದಿಯ ದಕ್ಕೆಯಲ್ಲಿ ಮೀನು ಕರಿದು ಮಾರುವ ಎಡಿಲ್ಮಾ ಪಾಲೊಮೆಕೆ, ಕಾಣೆಯಾದ ಮಗನಿಗಾಗಿ ಮೂರು ಸಲ ರಕ್ತ ಕೊಟ್ಟಳು. ಮೂರು ಸಲವೂ ಪ್ರಯೋಗಾಲಯದಿಂದ ಬಂದದ್ದು ಒಂದೇ ಉತ್ತರ: ನಮ್ಮಲ್ಲಿರುವ ಯಾವ ಎಲುಬೂ ನಿನ್ನ ಮಗನದಲ್ಲ.

ಬಂದೂಕಿನವರು ಮಗ ನೆಫ್ತಾಲಿಯನ್ನು ದೋಣಿಯಿಂದ ಇಳಿಸಿಕೊಂಡು ಹೋದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವತ್ತು ಬೀದಿಗಿಳಿದವಳು ಎಡಿಲ್ಮಾ, ಮತ್ತೆ ಮನೆ ಸೇರಲಿಲ್ಲ ಎಂದರೂ ನಡೆದೀತು. ಬುಧವಾರ ಬಂತೆಂದರೆ ಬಾಣಲೆ ಇಳಿಸಿ, ಮಗನ ಫೋಟೊ ಅಂಟಿಸಿದ ರಟ್ಟನ್ನು ಕೊರಳಿಗೆ ಹಾಕಿಕೊಂಡು ಚರ್ಚಿನ ಮುಂದೆ, ತನ್ನಂತೆ ಮಕ್ಕಳನ್ನು ಕಳೆದುಕೊಂಡ ಹೆಂಗಸರ ಜೊತೆ ನಿಲ್ಲುತ್ತಿದ್ದಳು. ಪೊಲೀಸರು ನೀರು ಹೊಡೆದಾಗಲೂ ನಿಂತಳು, ಮಂತ್ರಿ ಬಂದು ಕಣ್ಣೊರೆಸಿಕೊಂಡಾಗಲೂ ನಿಂತಳು. ಎರಡರಲ್ಲಿ ನೀರೇ ವಾಸಿ ಎನ್ನುತ್ತಿದ್ದಳು. ರಕ್ತ ಕೊಡಲು ಅಂಜುವವರನ್ನು ಬೈದು ಎಳೆತರುವವಳೂ ಅವಳೇ.

"ಗಂಡನ ಒದೆ ತಿಂದೋಳು ಸೂಜಿಗೆ ಹೆದರ್ತೀಯಾ? ಚಾಚೇ ತೋಳು!"

ಹೋದ ವರ್ಷ ರಾಜಧಾನಿಯಿಂದ ಯಾನೆತ್ ಎಂಬ ಹುಡುಗಿ ಬಂದಳು. ಹೆಸರಿಲ್ಲದ ಎಲುಬುಗಳಿಗೆ ವಂಶಾವಳಿ ಹಿಡಿದು ಹೆಸರು ಹುಡುಕುವುದು ಅವಳ ಕಸುಬು. ಎಲ್ಲೋ ಇರುವ ದೂರದ ನೆಂಟನ ರಕ್ತ ಎಲುಬಿಗೆ ಒಂದಿಷ್ಟು ತಾಳೆಯಾದರೆ ಸಾಕು, ಮುತ್ತಜ್ಜನ ತನಕ ಹತ್ತಿ, ಬೇರೆ ಕೊಂಬೆ ಹಿಡಿದು ಕೆಳಗಿಳಿಯುತ್ತಾಳೆ. ಕೊನೆಗೆ ಹತ್ತಿರದ ಒಬ್ಬ ಸಂಬಂಧಿಯ ರಕ್ತ ಸಿಕ್ಕರೆ ಹೆಸರು ಖಾತ್ರಿ.

ಹೆಂಗಸರ ಸಭೆಯಲ್ಲಿ ಅವಳು ಹೇಳಿದಳು: "ಹನ್ನೊಂದು ವರ್ಷದಿಂದ ನಮ್ಮ ಕಪಾಟಲ್ಲಿ ಒಬ್ಬ ಹುಡುಗ ಇದ್ದಾನೆ. ಎಡ ಕೊರಳೆಲುಬು ಚಿಕ್ಕಂದಿನಲ್ಲೇ ಮುರಿದು ಕೂಡಿದೆ. ಅವನ ಎಳೆ ಇಂಗಾರಾ ಹೊಳೆಯ ಮೊಸ್ಕೇರಾ ಮನೆತನಕ್ಕೆ ಹೋಗುತ್ತೆ. ಆ ಕಡೆಯವರು ಯಾರಾದ್ರೂ ಇದ್ದೀರಾ?"

"ನನ್ನ ಮಗ ಮಾವಿನ ಮರದಿಂದ ಬಿದ್ದು ಅದೇ ಎಲುಬು ಮುರ್ಕೊಂಡಿದ್ದ," ಎಂದಳು ಎಡಿಲ್ಮಾ. "ಅವನ್ನ ಹೆತ್ತೋಳು ಇಂಗಾರಾದವಳೇ. ಬೆನಿಲ್ದಾ ಮೊಸ್ಕೇರಾ."

"ಹೆತ್ತೋಳಾ? ಮತ್ತೆ ನೀವು?"

"ನಾನು ಅವನ ತಾಯಿ."

ಯಾನೆತ್‌ಳ ಮುಖದ ಬಣ್ಣ ಇಳಿಯಿತು. "ಎಡಿಲ್ಮಾ ಅಮ್ಮಾ, ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ತಾಯಿ ಯಾರು ಅಂದ್ರು, ನಾನು ಅಂದೆ. ಸುಳ್ಳಾ? ಹೊಕ್ಕುಳ ಬಳ್ಳಿ ಉದುರೋಕೆ ಮುಂಚೆ ನನ್ನ ಮಡಿಲಿಗೆ ಹಾಕಿ ಹೋದ್ಲು ಅವಳು."

ಹಿಂದಿನಿಂದ ಕ್ರೆಸೆನ್ಸಿಯಾ ಬಾಯಿ ಹಾಕಿದಳು: "ನನ್ನ ಏಳು ಮಕ್ಕಳಲ್ಲಿ ಮೂರು ಯಾರ್ಯಾರೋ ಹೆತ್ತಿದ್ದು. ಊಟಕ್ಕೆ ಕೂತಾಗ ರಕ್ತ ನೋಡಿ ಬಡಿಸ್ಲಾ?"

ಹೆಂಗಸರು ನಕ್ಕರು. ಯಾನೆತ್ ನಗಲಿಲ್ಲ. ನಗು ನಿಂತ ಮೇಲೆ ಎಡಿಲ್ಮಾಗೂ ಅರ್ಥವಾಯಿತು. ಕಪಾಟಿನಲ್ಲಿದ್ದ ಮಗನನ್ನು ಇವನಲ್ಲ ಎಂದು ಪ್ರತಿ ಸಲವೂ ದೂಡಿದ್ದು ಅವಳದೇ ರಕ್ತ.

ಬೆನಿಲ್ದಾ ಸತ್ತು ವರ್ಷಗಳಾಗಿದ್ದವು, ಅವಳ ಊರನ್ನು ಬಂದೂಕಿನವರು ಸುಟ್ಟಿದ್ದರು. ಎಡಿಲ್ಮಾಗೆ ಗೊತ್ತಿದ್ದಂತೆ ಉಳಿದವನು ಅವಳ ಅಣ್ಣ ಎಲಾದಿಯೊ ಒಬ್ಬನೇ. ಎಡಿಲ್ಮಾ, ಯಾನೆತ್ ಇಬ್ಬರೂ ದೋಣಿ ಹತ್ತಿ ಅವನನ್ನು ಹುಡುಕಿಕೊಂಡು ಹೋದರು. ಮುದುಕ ಕಾಫಿ ಕೊಟ್ಟ, ತಾನೂ ಕುಡಿದ, ಎಲ್ಲ ಕೇಳಿಸಿಕೊಂಡ.

"ಆಗ ಊರು ಸುಡೋಕೆ ಬಂದೋರೂ ಹೀಗೇ ಕೇಳಿದ್ರು," ಎಂದ. "ತಮ್ಮ ಯಾರು, ಭಾವ ಯಾರು, ಎಲ್ಲಿದ್ದಾರೆ ಅಂತ. ಹಣೆಗೆ ಬಂದೂಕಿಟ್ಟಿದ್ರು, ಹೇಳ್ದೆ. ನಾನು ಹೇಳಿದೋರನ್ನೆಲ್ಲ ಹುಡುಕಿ ಕೊಂದ್ರು. ಇನ್ನು ನನ್ನ ಬಾಯಿಂದ ಒಂದು ಹೆಸರು ಬರಲ್ಲ, ಮೈಯಿಂದ ಒಂದು ಹನಿ ಬರಲ್ಲ."

"ಅಣ್ಣಾ, ನಿನ್ನ ತಂಗಿ ಮಗ ಪೆಟ್ಟಿಗೇಲಿ ಬಿದ್ದಿದ್ದಾನೆ!"

"ಅವನನ್ನ ಇನ್ನೊಂದು ಸಲ ಯಾರೂ ಕೊಲ್ಲೋಕಾಗಲ್ಲ ತಾಯಿ. ನನ್ನ ಮೊಮ್ಮಕ್ಕಳು ಬದುಕಿದ್ದಾರೆ. ಎಲ್ಲಿ ಅಂತ ಕೇಳಬೇಡ."

ಎಡಿಲ್ಮಾ ಬೇಡಿದಳು, ಅತ್ತಳು, ಹೇಡಿ ಎಂದು ಬೈದಳು. ಮುದುಕ ಕದಲಲಿಲ್ಲ. ಹೊರಡುವಾಗ ಅವನು ಕುಡಿದಿಟ್ಟ ಲೋಟವನ್ನು ಎಡಿಲ್ಮಾ ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು. ದೋಣಿ ಅರ್ಧ ದಾರಿಗೆ ಬಂದಾಗ ಹೊರತೆಗೆದಳು.

"ಅವನ ಎಂಜಲು. ಇದು ಸಾಕಲ್ವಾ?"

"ಸಾಕು," ಎಂದಳು ಯಾನೆತ್. "ಆದ್ರೆ ಅವರು ಒಪ್ಪದೆ ನಾನು ಮುಟ್ಟಲ್ಲ."

"ನನ್ನ ಮಗನ್ನ ಎಳ್ಕೊಂಡು ಹೋಗೋವಾಗ ಯಾರ ಒಪ್ಪಿಗೆ ಕೇಳಿದ್ರೇ?"

ಎಡಿಲ್ಮಾ ತುಂಬ ಹೊತ್ತು ಲೋಟ ಹಿಡಿದುಕೊಂಡೇ ಇದ್ದಳು. ಆಮೇಲೆ ಅದನ್ನು ನದಿಗೆ ಅದ್ದಿ, ಬೆರಳು ಹಾಕಿ ತಿಕ್ಕಿ ತೊಳೆದು, ದೋಣಿಯವನ ಕೈಗಿಟ್ಟಳು. "ನಾಳೆ ಆ ಕಡೆ ಹೋದಾಗ ಮುದುಕನಿಗೆ ಕೊಟ್ಟುಬಿಡು."

ಹುಡುಗ ಇನ್ನೂ ಕಪಾಟಿನಲ್ಲೇ ಇದ್ದಾನೆ, ಹೆಸರಿನ ಜಾಗದಲ್ಲಿ ನಂಬರು. ಎಡಿಲ್ಮಾ ಬುಧವಾರ ತಪ್ಪಿಸಿಲ್ಲ. ಮೊನ್ನೆ ಹೊಸಬಳೊಬ್ಬಳು ಮಗಳ ಫೋಟೊ ಎದೆಗವಚಿಕೊಂಡು, ರಕ್ತ ಎಲ್ಲಿ ಕೊಡಬೇಕೆಂದು ಕೇಳುತ್ತ ಬಂದಳು.

"ನೀನೇ ಹೆತ್ತದ್ದಾ?" ಎಂದು ಕೇಳಿದಳು ಎಡಿಲ್ಮಾ.

ಆ ಹೆಂಗಸು ಕೆಂಡವಾದಳು. "ಮಗಳು ಹೋದೋಳಿಗೆ ಕೇಳೋ ಮಾತಾ ಇದು? ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ," ಎಂದಳು ಎಡಿಲ್ಮಾ. "ಹೇಳು. ನೀನೇ ಹೆತ್ತದ್ದಾ?"