ತಡೆದು ಕೂತ ಕೂಸು

ನನ್ನ ಅತ್ತಿಗೆ ಎಲ್ಮೀಸ್ ನಾಲ್ಕು ವರ್ಷ ಬಸುರಿಯಾಗಿದ್ದಳು. ಇದನ್ನು ಕೇಳಿ ನಗುವವರು ನಮ್ಮ ಗೊನಾವ್ ದ್ವೀಪದಲ್ಲಿ ಯಾರೂ ಇಲ್ಲ. ನಗುವುದು ಆಚೆ ದಡದಿಂದ ಬರುವ ನರ್ಸಮ್ಮ ಒಬ್ಬಳೇ, ಅದೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ನನ್ನ ಅಣ್ಣ ಫೆನೆಲ್ ಹಾಯಿದೋಣಿ ಹತ್ತಿ ಬಹಾಮಾ ಕಡೆಗೆ ಕೂಲಿ ಹುಡುಕಿಕೊಂಡು ಹೋದಾಗ ಅವಳಿಗೆ ಮೂರು ತಿಂಗಳು. ದೋಣಿ ಅತ್ತ ಮುಟ್ಟಲಿಲ್ಲ, ಇತ್ತ ಬರಲೂ ಇಲ್ಲ. ಹೆಣಗಳೂ ಸಿಗಲಿಲ್ಲ. ಆ ಸುದ್ದಿ ಬಂದ ವಾರವೇ ಎಲ್ಮೀಸಳಿಗೆ ರಕ್ತ ಹೋಗಲು ಶುರುವಾಯಿತು. ಬೇರೆ ಕಡೆಯವರಾದರೆ ಬಸಿರು ಇಳಿಯಿತು ಎನ್ನುತ್ತಾರೇನೋ. ನಾವು ಪೆದಿಸ್ಯೋಂ ಎನ್ನುತ್ತೇವೆ. ಕೂಸಿಗೆ ಸೇರಬೇಕಾದ ರಕ್ತ ತಿಂಗಳು ತಿಂಗಳೂ ಹೊರಗೆ ಹರಿದುಹೋಗುತ್ತದೆ. ಉಣ್ಣಲು ಗತಿಯಿಲ್ಲದೆ ಕೂಸು ಅವರೆಕಾಳಿನಷ್ಟಾಗಿ ಹೊಟ್ಟೆಯ ಒಂದು ಮೂಲೆಯಲ್ಲಿ ತಡೆದು ಕೂರುತ್ತದೆ. ಸಾಯುವುದಿಲ್ಲ. ವರ್ಷಗಟ್ಟಲೆ ಕಾಯುತ್ತದೆ. ಎಂದಾದರೂ ಆ ರಕ್ತ ನಿಂತರೆ ಮತ್ತೆ ಬೆಳೆಯತೊಡಗುತ್ತದೆ, ಮತ್ತು ಹುಟ್ಟಿದಾಗ ಅದು ಮೊದಲಿನವನ ಮಗುವೇ ಆಗಿರುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಫೆನೆಲ್ ಪೂರ್ತಿಯಾಗಿ ಸತ್ತಿರಲಿಲ್ಲ. ಅಮ್ಮ ಎಲ್ಮೀಸಳಿಗೆ ನೀರಿನ ಕೊಡ ಎತ್ತಲು ಬಿಡುತ್ತಿರಲಿಲ್ಲ, ಬೆಳಗ್ಗೆ ಎದ್ದ ಕೂಡಲೇ ಸೊಪ್ಪಿನ ಕಷಾಯ ಕುದಿಸಿ ಕೊಡುತ್ತಿದ್ದಳು. ಎಲ್ಮೀಸ್ ಅದನ್ನು ಕುಡಿದು, ದೋಣಿ ಕಟ್ಟುವ ಕಡಲದಂಡೆಗೆ ಹೋಗಿ, ಬಾದಾಮಿ ಮರದ ಕೆಳಗೆ ಕೆಸುವಿನ ಗೆಡ್ಡೆ ತುರಿದು ಅಕ್ರಾ ವಡೆ ಕರಿದು ಮಾರುತ್ತಿದ್ದಳು. ಮಾತು ಕಡಿಮೆ. ಆದರೆ ಯಾವಳಾದರೂ ತುಂಬಿದ ಹೊಟ್ಟೆಯವಳು ತಿಂಡಿಗೆ ಬಂದಳೋ, ಇವಳ ಬಾಯಿ ತೆರೆಯಿತು. "ಈಗ ಹೇಗಾಗುತ್ತೆ? ಒಳಗಿಂದ ಗುದ್ದುತ್ತಾ, ಉಜ್ಜುತ್ತಾ?" ಎಂದು ಕೇಳಿ ಕೇಳಿ, ಎಣ್ಣೆ ಹೊಗೆಯಾಡುವವರೆಗೂ ಬಿಡುತ್ತಿರಲಿಲ್ಲ. ತನಗೆ ಮೂರು ತಿಂಗಳಿನಾಚೆ ಗೊತ್ತೇ ಇರಲಿಲ್ಲವಲ್ಲ. ಆ ಆಸೆಯನ್ನು ನೋಡಲಾಗದೆ ನಾನು ಎಷ್ಟೋ ಸಲ ಎದ್ದು ಬಂದಿದ್ದೇನೆ.

ಇದರ ನಡುವೆ ಎಲ್ಮೀಸಳನ್ನು ಹುಡುಕಿಕೊಂಡು ಒಸೆಲಿನ್ ಬಂದ. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ ಟಾರು ಬಳಿಯುವವನು. ಕೊಕ್ಕರೆಯ ಕತ್ತು, ಮೈಯೆಲ್ಲ ಟಾರಿನ ವಾಸನೆ. ನನ್ನ ಅಣ್ಣ ಕೋಣೆಗೆ ಬಂದರೆ ಕೋಣೆ ತುಂಬುತ್ತಿತ್ತು. ಇವನು ಬಂದರೆ ಬಾಗಿಲ ಹತ್ತಿರ ನಿಂತು, ಕೂರಿ ಎನ್ನುವವರೆಗೂ ಕಾಲು ಬದಲಿಸುತ್ತಿರುತ್ತಾನೆ. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಮುಚ್ಚಿಡುವುದೇನು. ಅಮ್ಮ ಮಾತ್ರ, "ಪ್ರಾಯದ ಹೆಂಗಸು ಕಣೇ, ಎಷ್ಟು ದಿನ ಅಂತ ಗೋಡೆ ನೋಡ್ಕೊಂಡು ಕೂರ್ತಾಳೆ?" ಎಂದು ಸುಮ್ಮನಾದಳು.

ಆಮೇಲೆ ಒಂದು ತಿಂಗಳು ರಕ್ತ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಅಮ್ಮ ಅಂಗಳದಲ್ಲಿ ಕೈತಟ್ಟಿಕೊಂಡು ನನ್ನನ್ನು ಕೂಗಿದಳು, "ತಡೆ ಬಿಡ್ತು ಕಣೇ ಜಾಸೆಂತ್! ನನ್ನ ಮೊಮ್ಮಗ ಎದ್ದ!" ಅದೇ ದಿನ ಸಂಜೆ ಒಸೆಲಿನ್ ಒಂದು ಹುಂಜ ಹಿಡಿದುಕೊಂಡು ಬಂದು ಹಲ್ಲು ಕಿರಿದು ನಿಂತ. ಒಂದೇ ಹೊಟ್ಟೆಗೆ ಎರಡು ಕಡೆಯವರು ಸಂಭ್ರಮಪಟ್ಟರು. ಯಾರದು ಎಂದು ಯಾರೂ ಬಾಯಿಬಿಡಲಿಲ್ಲ.

ಆದರೆ ಏಳನೇ ತಿಂಗಳಿಗೆ ಬಾಯಿಬಿಡಲೇಬೇಕು. ನಮ್ಮಲ್ಲಿ ಹೊಕ್ಕುಳಬಳ್ಳಿಯನ್ನು ಅಪ್ಪನ ಮನೆಯ ಅಂಗಳದಲ್ಲಿ ಹೂತು ಮೇಲೊಂದು ಸಸಿ ನೆಡುತ್ತಾರೆ. ಯಾರ ಅಂಗಳದಲ್ಲಿ ಮರವೋ ಆ ಮನೆಯ ಮಗು. ಏಳಕ್ಕೆ ಬಿದ್ದ ಹೆಂಗಸು ಅಪ್ಪ ಯಾರೆಂದು ತಾನೇ ಹೇಳಿ, ಆ ಅಂಗಳಕ್ಕೇ ಹೋಗಿ ಹೆರಿಗೆಯವರೆಗೆ ಇರಬೇಕು. ಅಮ್ಮ ದೀವಿಹಲಸಿನ ಸಸಿಯೊಂದನ್ನು ತಂದು ಡಬ್ಬದಲ್ಲಿ ನೆಟ್ಟು, ದಿನಾ ನೀರು ಹಾಕುತ್ತಿದ್ದಳು. ಒಸೆಲಿನ್ ತನ್ನ ಅಂಗಳದಲ್ಲಿ ಆಗಲೇ ಗುಂಡಿ ತೋಡಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು.

ನರ್ಸಮ್ಮ ಬಂದಳು. ಹೊಟ್ಟೆ ಮುಟ್ಟಿ, ಅಳತೆ ನೋಡಿ, "ಆರು ಮುಗಿದು ಏಳಕ್ಕೆ ಬಿದ್ದಿದೆ. ಚೆನ್ನಾಗಿ ಬೆಳೀತಿದೆ. ಇನ್ನು ಕಣ್ಣು ಬಿಟ್ಟು ಮುಚ್ಚಿ ಮಾಡುತ್ತೆ, ನೀವು ಮಾತಾಡೋದು ಕೇಳಿಸುತ್ತೆ," ಎಂದಳು.

"ನಾಲ್ಕು ವರ್ಷದಿಂದ ಕೇಳಿಸ್ಕೊಳ್ತಾ ಇದೆ ತಾಯಿ, ನೀನು ಈಗ ಹೇಳ್ತಿದೀಯ," ಎಂದಳು ಅಮ್ಮ. ನರ್ಸಮ್ಮನ ಕೈ ಬಾಯಿಗೆ ಹೋಯಿತು.

ಆ ದಿನಗಳಲ್ಲಿ ಎಲ್ಮೀಸಳ ಮೈ ಅವಳ ಕೈಗೆ ಸಿಗದಂತೆ ಬದಲಾಗುತ್ತಿತ್ತು. ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ಗೆರೆಯೊಂದು ಇಳಿದಿತ್ತು. ನಾಲ್ಕು ತುತ್ತು ತಿಂದರೆ ಎದೆಯುರಿ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಒಂದು ದಿನ ಅಕ್ರಾ ಕರಿಯುತ್ತಿದ್ದಾಗ ರವಿಕೆಯ ಮೇಲೆ ಹಳದಿ ತೇವ ಕಂಡು ಬೆಚ್ಚಿಬಿದ್ದಳು. ಹಾಲೆಂದು ನಾನು ಹೇಳಿದಾಗ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು. ಒಮ್ಮೊಮ್ಮೆ ಹೊಟ್ಟೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಎಣಿಸುವಷ್ಟರಲ್ಲಿ ಸಡಿಲವಾಗುತ್ತಿತ್ತು. ಹಾಗಾದಾಗ ಅವಳು ಕಡಲ ಕಡೆಗೆ ನೋಡುತ್ತಿದ್ದಳು.

"ಅವನು ಇದನ್ನ ನೋಡ್ಬೇಕಿತ್ತು ಜಾಸೆಂತ್," ಎಂದಳು ಒಂದು ಸಲ.

"ಅವನದೇ ಅಲ್ವಾ ಅತ್ತಿಗೆ? ಅಮ್ಮನ ಹತ್ರ ಹೇಳಿಬಿಡು, ಮುಗೀತು," ಎಂದೆ. ಅಣ್ಣನ ಮೂಗು, ಅಣ್ಣನ ಜೋರು ನಗು ಮತ್ತೆ ನಮ್ಮ ಅಂಗಳದಲ್ಲಿ ಓಡಾಡಲಿ ಎಂದು ನನ್ನ ಜೀವ ಹಾತೊರೆಯುತ್ತಿತ್ತು.

ಅವಳು ತುರಿಯುವುದನ್ನು ನಿಲ್ಲಿಸಿದಳು. "ಒಸೆಲಿನ್‌ದು ಅಂದ್ರೆ ಫೆನೆಲ್ ಸತ್ತ ಹಾಗೆ. ಇಷ್ಟು ದಿನ ಅವನು ಬಂದಿಲ್ಲ, ಅಷ್ಟೆ. ಇನ್ಮೇಲೆ ಸತ್ತವನಾಗ್ತಾನೆ. ನನ್ನ ಬಾಯಿಂದ ಅವನನ್ನ ಹೇಗೆ ಸಾಯಿಸ್ಲಿ ಹೇಳು?"

ನನಗೆ ಅಳು ಬಂತು. ಇದಕ್ಕಿಂತ ಹೆಚ್ಚಿನದೇನು ಬೇಕು, ಅವಳು ನಮ್ಮ ಕಡೆಯೇ ಎಂದು ಗಟ್ಟಿ ಮಾಡಿಕೊಂಡೆ.

ಶನಿವಾರ ಒಸೆಲಿನ್ ಬಂದ. ಎಲ್ಮೀಸಳ ಕಾಲಿನ ಮೀನಖಂಡ ಸೆಳೆದು ಗಂಟು ಕಟ್ಟಿತ್ತು. ಅವನು ನೆಲದ ಮೇಲೆ ಕೂತು, ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ, ಹರಳೆಣ್ಣೆ ಹಾಕಿ ತಿಕ್ಕತೊಡಗಿದ. ನಾನು ಅಲ್ಲೇ ಅವರೆ ಸುಲಿಯುತ್ತಾ ಕಾವಲು ಕೂತಿದ್ದೆ.

"ಇದೇನಿದು, ಗಡಿಯಾರದ ಹಾಗೆ ಟಕ್ ಟಕ್ ಅಂತಿದೆ," ಎಂದು ಎಲ್ಮೀಸ್ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಬಿಕ್ಕಳಿಕೆ ಇರ್ಬೇಕು," ಎಂದ ಅವನು. "ನಮ್ಮಕ್ಕನ ಮಗೂಗೂ ಹೊಟ್ಟೆಲೇ ಬರ್ತಿತ್ತಂತೆ. ಒಂದ್ಸಲ ಕಿವಿ ಇಟ್ಟು ಕೇಳ್ಲಾ?"

ಇಷ್ಟು ತಿಂಗಳು ಹೊಟ್ಟೆ ಮುಟ್ಟಲೇ ಎಂದು ಅವನು ಕೇಳಿರಲಿಲ್ಲ, ಅವಳೂ ಕರೆದಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿದಳು. ಅವನು ಆ ಉದ್ದ ಕತ್ತನ್ನು ಬಾಗಿಸಿ ಕಿವಿಯಿಟ್ಟ ಕೂಡಲೇ ಒಳಗಿನಿಂದ ಒದೆ ಬಿತ್ತು; ನನಗೂ ಕಾಣುವಂಥ ಒದೆ. ಅವನು ಕೆನ್ನೆ ಹಿಡಿದುಕೊಂಡು ಹಿಂದಕ್ಕೆ ಬಿದ್ದ.

"ನನ್ನ ಮಗಳೋ ಮಗನೋ ಆಗಿದ್ರೆ ಹೊಡೀತಿರ್ಲಿಲ್ಲ. ಫೆನೆಲ್ ಅಣ್ಣನದೇ ಇರ್ಬೇಕು," ಎಂದು ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಮುಖ ತಿರುಗಿಸಿ ಮತ್ತೆ ಕಾಲು ತಿಕ್ಕತೊಡಗಿದ. "ಈ ಅಂಗಳದ್ದೇ ಆಗ್ಲಿ ಎಲ್ಮೀಸ್. ಗುಂಡಿ ಮುಚ್ತೀನಿ. ನಡೆಯೋಕೆ ಕಲಿತ ಮೇಲೆ ದಂಡೆಗೆ ಕರ್ಕೊಂಡು ಬಾ. ದೂರದಿಂದ ನೋಡ್ತೀನಿ, ಸಾಕು."

ಎಲ್ಮೀಸ್ ಅವನ ಟಾರು ಹತ್ತಿದ ಬೆರಳುಗಳನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ ಕಂಡಕಂಡವರನ್ನು ಕೇಳಿ ತಿಳಿದುಕೊಂಡಿದ್ದ ತಿಂಗಳು ಇದು, ಮತ್ತು ಅದು ಬಂದಾಗ ಅವಳ ಕಾಲ ಬುಡದಲ್ಲಿ ಕೂತಿದ್ದವನು ಇವನು. ಇದು ನನಗೂ ಕಂಡಿತು. ಕಾಣಬಾರದಿತ್ತು ಎಂದುಕೊಂಡೆ.

ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅಮ್ಮ ಚಾಪೆ ಹಾಸಿ ಕೂತಳು. "ಹೇಳಿಬಿಡು ಮಗಳೇ. ಯಾರ ಅಂಗಳ?"

ಎಲ್ಮೀಸ್ ಕಷ್ಟಪಟ್ಟು, ಸೊಂಟ ಹಿಡಿದುಕೊಂಡು, ಅಮ್ಮನ ಎದುರಿಗೆ ಇಳಿದು ಕೂತಳು. "ಒಸೆಲಿನ್ ಅಂಗಳ ಅತ್ತೆ. ಇದು ಅವನದು."

ನಾನು ಎದ್ದೇ ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಉಂಡ ಮನೆ, ಕುಡಿದ ಕಷಾಯ, ಎಲ್ಲವನ್ನೂ ಎತ್ತಿ ಆಡಿದೆ. ಅಮ್ಮ ನನ್ನತ್ತ ನೋಡಲೂ ಇಲ್ಲ.

"ಹಾಗಾದ್ರೆ ನಮ್ಮದು?" ಎಂದಳು ಅಮ್ಮ. "ನಮ್ಮ ಫೆನೆಲ್‌ದು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ಒಳಗೇ ಇದಾನೆ." ಎಲ್ಮೀಸ್ ಅಮ್ಮನ ಎರಡೂ ಕೈ ಹಿಡಿದುಕೊಂಡಳು. "ಸ್ವಲ್ಪ ಸರಿದು ಇದಕ್ಕೆ ಜಾಗ ಬಿಟ್ಟಿದಾನೆ. ದೊಡ್ಡೋನಲ್ವಾ ಅತ್ತೆ."

ನಾನು ಮತ್ತೆ ಕೂತೆ. ಅಮ್ಮ ಆ ಹೊಟ್ಟೆಯನ್ನು ನೋಡಿದಳು, ಆಮೇಲೆ ಕೈ ಬಿಡಿಸಿಕೊಂಡು ಮುಂದಕ್ಕೆ ಚಾಚಿದಳು.

"ಯಾವ ಕಡೆ ಇದಾನೆ?"

"ಎಡಗಡೆ. ಪಕ್ಕೆ ಕೆಳಗೆ."

ಅಮ್ಮ ಎಡಗಡೆಗೆ, ಒಸೆಲಿನ್‌ನ ಕೂಸು ಒದೆಯದ ಜಾಗ ನೋಡಿ, ನಿದ್ದೆ ಮಾಡುವವರನ್ನು ಮುಟ್ಟುವಷ್ಟು ಹಗುರಾಗಿ ಅಂಗೈ ಇಟ್ಟಳು.