ನಾನು ಹೇಳಿಕೊಟ್ಟ ಕಾಯಿಲೆ

ಆ ಹೆಣ್ಣುಮಗಳನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುವ ಕೋಣೆಯ ಕಿಟಕಿಯ ಮುಂದೆ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸಿರಬಹುದು. ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಜೊತೆಗೆ ಅವಳ ಅತ್ತೆ. ಅತ್ತೆಯ ಸೊಂಟದ ಮೇಲೆ ಮೂರು ವರ್ಷದ ಹೆಣ್ಣುಕೂಸು.

ನಾನು ಕೆ.ಆರ್. ನಗರದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು. ಶಾಲೆಯ ಕೆಲಸ ಬಿಟ್ಟಮೇಲೆ, ಕಾಯಿಲೆಗಳ ವಿಷಯವನ್ನು ಜನಕ್ಕೆ ಅರ್ಥವಾಗುವ ಹಾಗೆ ಹೇಳುವ ಕೆಲಸವೊಂದು ಸಿಕ್ಕಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ನಮ್ಮ ಕೆ.ಆರ್. ನಗರ, ಹೀಗೆ ನಾಲ್ಕು ತಾಲ್ಲೂಕು ಬಸ್ಸಿನಲ್ಲಿ ಸುತ್ತಬೇಕು. ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ಕೂತವರ ಹತ್ತಿರ ಮಾತು, ಮಧ್ಯಾಹ್ನದ ಮೇಲೆ ಹಳ್ಳಿ. ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಕಳಿಸಿದ್ದನ್ನು ನಾನು ಅರ್ಧ ಗಂಟೆ ಬಿಡಿಸಿ ಹೇಳುತ್ತಿದ್ದೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು. ಅದನ್ನು ಈಗ ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದೆ. ಎಂಜಲು ಉಗಿದು ಕೊಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಉದ್ದಕ್ಕೆ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ, ಗಟ್ಟಿ ಕಫ ತೆಗೆಯಬೇಕು ಎಂದು. ಅವಳು ತಲೆಯಾಡಿಸಿದಳು. ಪ್ರಶ್ನೆ ಕೇಳಿದ್ದು ಅತ್ತೆ.

“ಬರೀ ಎಂಜ್ಲಾದ್ರೆ ಗೊತ್ತಾಗಕಿಲ್ವ?”

“ಗೊತ್ತಾಗಲ್ಲಮ್ಮ. ಅದಕ್ಕೇ ಅಷ್ಟು ಹೇಳ್ತಿರೋದು.”

ಇಷ್ಟು ಗಮನವಿಟ್ಟು ಕೇಳುವವರು ಸಿಗುವುದೇ ಅಪರೂಪ ಎಂದು ನನಗೆ ಖುಷಿಯಾಯಿತು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಾಲ್ಕು ಸಲ ಕೆಮ್ಮಿದಳು. ನಾನು ನೋಡಿದ್ದಕ್ಕೆ, “ಗೂರ್ಲು ಕಣವ್ವ, ನಮ್ಮಪ್ಪಂಗೂ ಇತ್ತು” ಅಂದಳು. ಉಬ್ಬಸಕ್ಕೆ ಆ ಕಡೆ ಹಾಗೆನ್ನುತ್ತಾರೆ.

ಸೊಸೆಯ ಕಫದಲ್ಲಿ ಕ್ಷಯ ಸಿಕ್ಕಿತು. ಆರು ತಿಂಗಳು ಮಾತ್ರೆ.

ಅವಳ ಊರು ಗಾವಡಗೆರೆ ಹೋಬಳಿಯಲ್ಲಿತ್ತು. ಊರಿನ ಹೆಸರು ಬೇಡ. ಆ ಊರಿನಲ್ಲಿ ಕೆಮ್ಮುವವರು ಇನ್ನೂ ಇದ್ದಾರೆ, ಒಂದು ಸಭೆ ಮಾಡಿ ಎಂದು ಅಲ್ಲಿನ ಆಶಾ ಕಾರ್ಯಕರ್ತೆ ಕರೆದರು. ಯಾರ ಹೆಸರನ್ನೂ ಎತ್ತುವುದಿಲ್ಲ ಎಂದು ಮಾತು ಕೊಟ್ಟು ಹೋದೆ. ಆದರೆ ಸಭೆಗೆ ಮುಂಚೆ ಅವಳನ್ನು ವಿಚಾರಿಸಿಕೊಂಡು ಬರೋಣವೆಂದು ಅವಳ ಮನೆಗೇ ಹೋದೆ, ಹೆಗಲಿಗೆ ನಮ್ಮ ಚೀಲ, ಕೊರಳಿಗೆ ಗುರುತಿನ ಚೀಟಿ, ಮೂಗಿಗೆ ಮಾಸ್ಕು. ಇನ್ನು ಹೆಸರು ಹೇಳುವ ಅಗತ್ಯವೇನಿತ್ತು?

ಅವಳು ಕಾಫಿ ತಂದಳು. ಸ್ಟೀಲಿನ ಲೋಟ. ಲೋಟದಿಂದ, ತಟ್ಟೆಯಿಂದ ಈ ಕಾಯಿಲೆ ಹರಡುವುದಿಲ್ಲ ಎಂದು ದಿನಾ ಜನಕ್ಕೆ ಹೇಳುವವಳು ನಾನು. “ಈಗ ತಾನೇ ಕುಡ್ಕೊಂಡು ಬಂದೆ, ಬೇಡಮ್ಮ” ಎಂದುಬಿಟ್ಟೆ. ಸುಳ್ಳು. ಬೆಳಿಗ್ಗೆ ಏಳರಿಂದ ನಾನು ಏನನ್ನೂ ಕುಡಿದಿರಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಮೂವರು ಹೆಂಗಸರು ಕೂತಿದ್ದರು. ಅವಳು ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು.

ಸಭೆ ಸೇರಿದ್ದು ಹಾಲಿನ ಡೈರಿಯ ಮುಂದೆ, ಸಂಜೆ ಹಾಲು ಹಾಕಲು ಬರುವ ಹೊತ್ತಿಗೆ. ಎಲ್ಲರೂ ಹೊಗೆಸೊಪ್ಪು ಬೆಳೆಯುವವರು, ಸಸಿ ಮಡಿ ಮಾಡಿಕೊಂಡಿದ್ದ ಕಾಲ. ನಾನು ಪಾಠದ ಭಾಷೆ ಬಿಟ್ಟು ಅವರ ಕೆಲಸದಿಂದಲೇ ಶುರು ಮಾಡಿದೆ.

“ಮಡಿಯಲ್ಲಿ ಒಂದು ಸಸಿಗೆ ಕೊಳೆ ಬಂದ್ರೆ ಏನಾಗುತ್ತೆ?”

“ಪಕ್ಕದ್ಕೂ ಬತ್ತದೆ” ಅಂದರು ನಾಲ್ಕೈದು ಜನ.

“ಹಾಗೇ ಇದು. ಒತ್ತಾಗಿರೋ ಕಡೆ, ಗಾಳಿ ಆಡದ ಕಡೆ, ಒಬ್ಬರ ಕೆಮ್ಮಿನಿಂದ ಪಕ್ಕದವರಿಗೆ.”

ಕ್ಷಯದ ಬಗ್ಗೆ ನಾನು ಎಷ್ಟೋ ಕಡೆ ಮಾತಾಡಿದ್ದೆ. ಯಾರೂ ಹೀಗೆ ಕಣ್ಣರಳಿಸಿ ಕೇಳಿರಲಿಲ್ಲ. ಮುಂದೆ ಕೂತಿದ್ದ ಯಜಮಾನರೊಬ್ಬರು, “ಅಂಗಾರೆ ಕಿತ್ತು ಆಚೆಗೆ ಎಸೀಬೇಕು ಅನ್ನಿ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. “ಮನುಷ್ಯರನ್ನ ಕೀಳೋಕಾಗುತ್ತಾ ಯಜಮಾನ್ರೇ, ಮಾತ್ರೆ ಇದೆಯಲ್ಲ” ಅಂದೆ. ಅಷ್ಟರಲ್ಲಿ ಹುಣಸೂರಿನ ಬಸ್ಸಿಗೆ ಹೊತ್ತಾಗಿತ್ತು. ಮಾತ್ರೆ ಸರಿಯಾಗಿ ನುಂಗುತ್ತಿದ್ದರೆ ಕೆಲವು ವಾರದಲ್ಲೇ ಹರಡುವುದು ನಿಂತುಹೋಗುತ್ತದೆ, ಆಮೇಲೆ ಜೊತೆಯಲ್ಲಿ ಉಣ್ಣಬಹುದು, ಮಲಗಬಹುದು ಎಂಬುದನ್ನೂ ಹೇಳಿದೆ. ಜನಕ್ಕೆ ಬೆನ್ನು ಹಾಕಿ, ಗೋಡೆಗೆ ನೇತುಹಾಕಿದ್ದ ಚಿತ್ರಗಳನ್ನು ಸುತ್ತಿಕೊಳ್ಳುತ್ತಾ ಹೇಳಿದೆ. ಮನೆಗೊಂದರಂತೆ ಭಿತ್ತಿಪತ್ರ ಹಂಚಿ ಬಸ್ಸಿಗೆ ಓಡಿದೆ.

ಹತ್ತು ದಿನ ಕಳೆದು ಆಶಾ ಕಾರ್ಯಕರ್ತೆ ಫೋನು ಮಾಡಿದರು. “ಮೇಡಂ, ಅವಳನ್ನ ಬ್ಯಾರನ್ನಿಗೆ ಆಕವ್ರೆ. ವಸಿ ಬಂದು ಏಳಿ.”

ಬ್ಯಾರನ್ನು ಎಂದರೆ ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಎತ್ತರದ ಮನೆ. ಕಿಟಕಿ ಎಂಬುದೇ ಇರುವುದಿಲ್ಲ. ನೆಲದ ಮೇಲೆ ಶಾಖ ಹಾಯುವ ದಪ್ಪ ತಗಡಿನ ಕೊಳವೆಗಳು, ಮೇಲೆ ಸೊಪ್ಪು ನೇತುಹಾಕುವ ಬಿದಿರಿನ ಗಳುಗಳ ಸಾಲು. ಎರಡು ಕೊಳವೆಗಳ ನಡುವೆ ಅವಳ ಚಾಪೆ, ಒಂದು ಬಿಂದಿಗೆ, ಒಂದು ತಟ್ಟೆ. ಗಾಳಿ ಆಡದ ಕಡೆ ಎಂದು ನಾನು ಹೇಳಿದ್ದೆನಲ್ಲ, ಊರಿಗೆಲ್ಲ ಅದಕ್ಕಿಂತ ಗಾಳಿಯಿಲ್ಲದ ಜಾಗ ಬೇರೆ ಇರಲಿಲ್ಲ. ಬಾಗಿಲಿಗೆ ನಾನು ಕೊಟ್ಟ ಭಿತ್ತಿಪತ್ರ ಅಂಟಿಸಿತ್ತು. ಅವಳ ಗಂಡನೇ ಅಂಟಿಸಿದ್ದು. “ಗೊತ್ತಿಲ್ದೆ ಯಾರಾರ ಒಳಕ್ಕೋಗ್ಬುಟ್ಟಾರು ಅಂತ” ಎಂದು, ಒಳ್ಳೆಯ ಕೆಲಸ ಮಾಡಿದವನಂತೆ ಹೇಳಿದ.

ಚಿತ್ರದಲ್ಲಿ ಒಂದು ಮಗು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿತ್ತು. ಅವಳ ಕೂಸಿಗೆ ಅಜ್ಜಿ ಅದನ್ನೇ ಕಲಿಸಿದ್ದಳು. ಕೂಸು ಕಣದ ಆಚೆ ನಿಂತಿತ್ತು. ಇವಳು ಹೊಸ್ತಿಲಿಗೆ ಬಂದು “ಬಾ ಮಗ” ಎಂದ ಕೂಡಲೇ ಅದು ಲಂಗದ ಅಂಚನ್ನು ಎತ್ತಿ ಬಾಯಿ ಮುಚ್ಚಿಕೊಂಡಿತು. ಹೊಟ್ಟೆಯೆಲ್ಲ ಕಾಣಿಸುತ್ತಿತ್ತು. ಅದಕ್ಕೆ ಅದು ಆಟ. ತಾಯಿಯೂ ಆಟವೆಂಬಂತೆ ನಕ್ಕಳು, ಇನ್ನೊಂದು ಸಲ “ಬಾ ಮಗ” ಎಂದಳು, ಕೂಸು ಇನ್ನೊಂದು ಸಲ ಮುಚ್ಚಿಕೊಂಡಿತು. ಹಾಗೆ ಆರೇಳು ಸಲ. ಕೂಸಿಗೆ ಸಾಕಾಗಿ ಓಡಿಹೋಯಿತು.

ನಾನು ಅತ್ತೆಯ ಮೇಲೆ ಕೂಗಾಡಿದೆ. ಆಕೆ ಕೊಟ್ಟಿಗೆ ಗುಡಿಸುತ್ತಿದ್ದವಳು ಪೊರಕೆ ಬಿಡಲಿಲ್ಲ.

“ಯಾಕವ್ವ ನನ್ಮೇಲೆ ರೇಗ್ತೀರಿ? ಕೊಳೆ ಬಂದ್ ಸಸೀನ ಮಡೀಲೇ ಬುಟ್ಕಂಡಾರಾ ಯಾರಾರ?”

“ನಾನು ಹಾಗೆ ಹೇಳಲಿಲ್ಲ.”

“ಏಳ್ನಿಲ್ಲ ಬುಡಿ. ನೀವು ಅವಳ ಕೈ ಕಾಪಿ ಕುಡುದ್ರಾ? ಊರೋರೆಲ್ಲ ನೋಡವ್ರೆ.”

ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದೆ. ಗಂಡನೂ ಅತ್ತೆಯೂ ಕಫ ಕೊಟ್ಟರು, ಇಬ್ಬರದರಲ್ಲೂ ಏನೂ ಇರಲಿಲ್ಲ. ಎಕ್ಸ್‌ರೇಗೆ ಕರೆದೆ. “ನಾಟಿ ಕೆಲ್ಸ, ಪುರ್ಸೊತ್ತಿಲ್ಲ” ಎಂದಳು ಅತ್ತೆ. ಕೂಸಿಗೆ ಕಾಯಿಲೆ ಬಾರದಂತೆ ಮುಂಚಿತವಾಗಿ ಕೊಡುವ ಮಾತ್ರೆಗಳನ್ನು ತಂದುಕೊಟ್ಟು, ದಿನಾ ಹೇಗೆ ಕೊಡಬೇಕೆಂದು ಎರಡು ಸಲ ಹೇಳಿದೆ. ಆಕೆ ಅದನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಳು.

ಸೊಸೆ ಬ್ಯಾರನ್ನಿನಲ್ಲೇ ಐದು ತಿಂಗಳು ಕಳೆದಳು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಅವಳ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದೆ. ಆಗ ಎದುರು ಜಗಲಿಯಿಂದ ನೋಡುವವರು ಯಾರೂ ಇರಲಿಲ್ಲ. ಸೊಪ್ಪು ಮುರಿಯುವ ಕಾಲ ಬಂತು, ಬ್ಯಾರನ್ನು ಬೇಕಾಯಿತು. ಅವಳನ್ನು ಮನೆಯೊಳಗೆ ಕರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಗಂಡ ಒಂದು ಬ್ಯಾಗು ಕೈಗೆ ಕೊಟ್ಟು, ಭೇರ್ಯದ ಹತ್ತಿರದ ತವರಿಗೆ ಬಸ್ಸು ಹತ್ತಿಸಿ ಬಂದ. ಕೂಸನ್ನು ಕಳಿಸಲಿಲ್ಲ. ಕೂಸಿಗೆ ಅಂಟಬಾರದು ಎಂದು.

ತವರಿನಲ್ಲಿ ಅವಳು ಮಾತ್ರೆ ಮುಗಿಸಿದಳು. ಕೊನೆಯ ಪರೀಕ್ಷೆಯಲ್ಲಿ ಕಾಯಿಲೆ ಪೂರ್ತಿ ಹೋಗಿತ್ತು. ಆ ಕಾಗದ ಹಿಡಿದುಕೊಂಡು ನಾನೇ ಗಂಡನ ಮನೆಗೆ ಹೋಗಿ ಓದಿ ಹೇಳಿದೆ. ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಬಾಯಿಗೆ ತನ್ನ ಬಾಯಿ ತಾಗುವಷ್ಟು ಬಗ್ಗಿ ಹೇನು ನೋಡುತ್ತಿದ್ದಳು. “ಕಾಗ್ದ ಚೆನ್ನಾಗದೆ” ಅಂದಳು. ಕೆಮ್ಮಿದಳು. “ಅಲ್ಲೇ ಇರ್ಲಿ ಬುಡಿ ಇನ್ನೊಂದ್ ವರ್ಸ.”

ಚಳಿಗಾಲದಲ್ಲಿ ಕೂಸಿಗೆ ಜ್ವರ ಹಿಡಿಯಿತು. ವಾಂತಿ, ಆಟ ಬೇಡ, ಊಟ ಬೇಡ, ಮಂಪರು. ದೃಷ್ಟಿಯೆಂದು ನೀವಾಳಿಸಿದರು, ತಾಯತ ಕಟ್ಟಿಸಿದರು. ಎರಡು ವಾರ ಕಳೆದು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡ ಮೇಲೆ ಎತ್ತಿಕೊಂಡು ಓಡಿದರು, ಹುಣಸೂರಿನಿಂದ ಮೈಸೂರಿಗೆ. ನಾನು ಅವತ್ತು ಕೋಟೆಯಲ್ಲಿದ್ದೆ. ಸುದ್ದಿ ತಿಳಿದು ಮೈಸೂರಿನ ವಾರ್ಡಿಗೆ ಹೋಗುವ ಹೊತ್ತಿಗೆ ತಾಯಿಯೂ ಭೇರ್ಯದಿಂದ ಬಂದಿದ್ದಳು. ಕ್ಷಯ ಕೂಸಿನ ಮಿದುಳಿಗೆ ಹೋಗಿತ್ತು.

ಅತ್ತೆ ವಾರ್ಡಿನ ಬಾಗಿಲಲ್ಲಿ ಸೊಸೆಯನ್ನು ತಡೆದು ನಿಂತಿದ್ದಳು. “ನಿನ್ನ ಎದೆ ಆಲು ಕುಡ್ದಿದ್ಕೆ ಕಣೇ ಇದು. ಓಗು, ಮುಟ್ಬೇಡ” ಎಂದು ಎಲ್ಲರ ಮುಂದೆ ಕೂಗುತ್ತಿದ್ದಳು. ಇವಳು ಗೋಡೆಗೆ ಒರಗಿಕೊಂಡು ಸೆರಗಿನಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿದ್ದಳು. ಗುಣವಾದವಳು ಎಂದು ಬರೆದ ಕಾಗದ ಅವಳ ಬ್ಯಾಗಿನಲ್ಲೇ ಇತ್ತು.

ಅಲ್ಲಿನ ಡಾಕ್ಟರು ಅತ್ತೆಯ ಕೆಮ್ಮು ಕೇಳಿಸಿಕೊಂಡರು. ಮತ್ತೆ ಪರೀಕ್ಷೆಗೆ ಬರೆದರು. ಈ ಸಲ ನರ್ಸು ಪಕ್ಕದಲ್ಲೇ ನಿಂತು ಕೆಮ್ಮಿಸಿ ತೆಗೆದರು. ಕಫದ ತುಂಬ ಕ್ಷಯವಿತ್ತು. ಎಕ್ಸ್‌ರೇ ನೋಡಿ, ಇದು ಹೊಸದಲ್ಲ, ವರ್ಷಗಳಿಂದ ಇರುವುದು ಎಂದರು. ಯಾರಿಂದ ಯಾರಿಗೆ ಬಂತೆಂದು ಆಣೆ ಮಾಡಿ ಹೇಳಲಾಗದು ಎಂದೂ ಅಂದರು. ಆದರೆ ಆಕೆಯ ‘ಗೂರಲು’ ಸೊಸೆ ಮದುವೆಯಾಗಿ ಆ ಮನೆಗೆ ಬರುವ ಮುಂಚಿನದು.

ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಆಕೆಯ ಪಕ್ಕ ಕೂತು ಕೇಳಿದೆ. “ಹೋದ ಸಲ ಏನೂ ಸಿಗಲಿಲ್ಲವಲ್ಲ, ಯಾಕೆ?”

“ಎಂಜ್ಲು ಉಗುದು ಕೊಟ್ಟಿದ್ದೆ.”

“ಯಾಕಮ್ಮ?”

“ಅದ್ರಲ್ಲಿ ಗೊತ್ತಾಗಕಿಲ್ಲ ಅಂತ ನೀವೇ ಏಳಿದ್ರಲ್ಲ. ಗೊತ್ತಾಗಿದ್ರೆ ನನ್ನೂ ಅಲ್ಲಿಗೇ ಆಕೋರು. ನಂಗೆ ವಯಸ್ಸಾಯ್ತು ಕಣವ್ವ, ಒಬ್ಳೇ ಅಲ್ಲಿ ಮಲಗಕ್ಕೆ ಆಯ್ತಿತ್ತಾ?”

ಕೂಸಿನ ಮಾತ್ರೆಗಳನ್ನೂ ಒಲೆಗೆ ಹಾಕಿದ್ದಳು. ಕಾಯಿಲೆಯ ಮಾತ್ರೆ ಹೆಣ್ಣುಕೂಸಿನ ಕೈಯಲ್ಲಿ ಕಂಡರೆ ನಾಳೆ ಜನ ಏನಂದಾರು ಎಂದು. ನಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಆಕೆ ತಪ್ಪು ತಿಳಿದುಕೊಂಡಿರಲಿಲ್ಲ.

ಕೂಸು ಬದುಕಿತು. ಕಿವಿ ಹೋಯಿತು, ಎರಡೂ. ಅತ್ತೆಯನ್ನು ಮಗ ಬ್ಯಾರನ್ನಿಗೆ ಹಾಕಲಿಲ್ಲ. ನಡುಮನೆಯಲ್ಲಿ, ತನ್ನ ಮಂಚದ ಮೇಲೇ ಇದ್ದುಕೊಂಡು ಆಕೆ ಮಾತ್ರೆ ನುಂಗಿದಳು. ಊಟ ಅಲ್ಲಿಗೇ ಬರುತ್ತಿತ್ತು. ಊರಿನಲ್ಲಿ ಯಾರೂ ಚಕಾರ ಎತ್ತಲಿಲ್ಲ. ಆಕೆಗೆ ಪೂರ್ತಿ ಗುಣವಾಯಿತು, ಮೈ ತುಂಬಿಕೊಂಡಿತು. ಕಿವಿ ಕೇಳದ ಕೂಸನ್ನು ಮಾತ್ರ ಭೇರ್ಯದ ಬಸ್ಸಿಗೆ ಹತ್ತಿಸಿದರು. ಅಂಟುತ್ತದೆ ಎಂಬ ಮಾತನ್ನು ಆಗ ಯಾರೂ ಆಡಲಿಲ್ಲ. ಮಗನಿಗೆ ಪಿರಿಯಾಪಟ್ಟಣದ ಕಡೆ ಹೆಣ್ಣು ನೋಡುತ್ತಿದ್ದಾರೆಂದು ಆಶಾ ಕಾರ್ಯಕರ್ತೆ ಹೇಳಿದರು.

ನಾನು ಭೇರ್ಯಕ್ಕೆ ಹೋದೆ. ಅವಳು ಅಣ್ಣನ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೂಸು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿತ್ತು. ಒಂದು ತಟ್ಟೆ ಕೈಜಾರಿ ಕಲ್ಲಿನ ಮೇಲೆ ಬಿತ್ತು. ನಾನು ಬೆಚ್ಚಿದೆ, ಕೂಸು ಕದಲಲಿಲ್ಲ.

“ಕಿವಿ ವಾಪಸ್ ಬತ್ತದಾ?” ಎಂದು ಕೇಳಿದಳು.

ನಾನು ಪುಸ್ತಕ ತೆಗೆದು ಕಿವಿಯ ಒಳಗಿನ ಚಿತ್ರ ಬರೆದೆ. ಶಬ್ದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮಿದುಳಿನ ಬುಡದಲ್ಲಿ ಕೀವು ಕಟ್ಟಿಕೊಂಡಾಗ ಯಾವ ನರ ಸತ್ತಿತು, ಸತ್ತ ನರ ಯಾಕೆ ಚಿಗುರುವುದಿಲ್ಲ, ಎಲ್ಲವನ್ನೂ ಹೇಳಿದೆ. ಯಾವ ಹೋಲಿಕೆಯನ್ನೂ ಕೊಡಲಿಲ್ಲ. ಮೈಸೂರಿನಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುತ್ತಾರೆ, ಕಿವಿಗೆ ಏನು ಮಾಡಬಹುದೆಂದೂ ನೋಡುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಒದ್ದೆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

“ಎಲ್ಲಾ ಅರ್ತ ಆಯ್ತು” ಅಂದಳು. “ಮೈಸೂರ್ಗೆ ನಾನೇ ಕರ್ಕಂಡೋಯ್ತೀನಿ, ಅಡ್ರೆಸ್ ಬರ್ಕೊಡಿ. ನೀವು ಇಲ್ಲಿಗೆ ಬರ್ಬ್ಯಾಡಿ ಅಕ್ಕ.”

ಯಾಕೆಂದು ನಾನು ಕೇಳುವ ಮೊದಲೇ ಅವಳ ಕಣ್ಣು ನನ್ನ ಕೊರಳಿನ ಚೀಟಿಯ ಮೇಲಿತ್ತು. “ಇಲ್ಲಿ ಯಾರ್ಗೂ ಗೊತ್ತಿಲ್ಲ. ಗಂಡ ಬುಟ್ಟವ್ನೆ ಅಂತ ಮಾತ್ರ ಏಳೀವ್ನಿ. ನೀವು ಬಂದೋದ್ರೆ ಜನ ಕೇಳ್ತಾರೆ, ಅದ್ಯಾವ ಕಾಯ್ಲೆ ಮೇಡಮ್ಮು ಅಂತ.”

ವಿಳಾಸ ಬರೆದು, ಹಾಳೆ ಹರಿದು ಕೊಟ್ಟೆ. ಅವಳು ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮತ್ತೆ ಪಾತ್ರೆಗೆ ಕೈಹಾಕಿದಳು. ನಾನು ಕೊರಳಿನ ಚೀಟಿ ಬಿಚ್ಚಿ ಚೀಲಕ್ಕೆ ಹಾಕಿ, ಚೀಲವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಸ್‌ಸ್ಟಾಪಿಗೆ ನಡೆದೆ. ದಾರಿಯಲ್ಲಿ ಒಬ್ಬ ಅಜ್ಜಿ, ಯಾರ ಮನೆಗೆ ಬಂದಿದ್ರವ್ವ ಎಂದು ಕೇಳಿದಳು. ದಾರಿ ತಪ್ಪಿ ಬಂದೆ ಅಂದೆ.